ಬೇಸಗೆಯನ್ನು ಗೆಲ್ಲುವ ತತ್ತಿ

ಬಿಜೈಯಲ್ಲಿ ನಮ್ಮ ಮನೆಯ ಹಿಂದೆ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಗುಂಡಿಯೊಂದಿದೆ. ಮಳೆಗಾಲದಲ್ಲಿ ಅದು ತುಂಬುತ್ತದೆ. ಬೇಸಗೆಯಲ್ಲಿ ತಳದ ಕೆಸರು ಹೆಂಚಿನಂತೆ ಒಣಗಿ ಬಿರುಕು ಬಿಡುತ್ತದೆ. ಕಳೆದ ಏಪ್ರಿಲಿನಲ್ಲಿ ಆ ಮಣ್ಣನ್ನು ಒಂದು ಹಿಡಿ ತಂದು ಗಾಜಿನ ಭರಣಿಗೆ ಹಾಕಿ, ಕುದಿಸಿ ಆರಿಸಿದ ನೀರನ್ನು ಹೊಯ್ದು ಕಿಟಕಿಯ ಬಳಿ ಇಟ್ಟೆ. ಕೆಲವೇ ದಿನಗಳಲ್ಲಿ ಸಾಸಿವೆಗಿಂತ ಸಣ್ಣ ಜೀವಿಗಳು ಕುಪ್ಪಳಿಸುತ್ತ ಈಜತೊಡಗಿದವು. ಅವು ನೀರುಚಿಗಟಗಳು, ಹೆಸರಿಗೆ ಚಿಗಟವಾದರೂ ಸಿಗಡಿ, ಏಡಿಗಳ ನೆಂಟರು. ಕುದಿಸಿದ ನೀರಿನಿಂದ ಅವು ಬಂದಿರಲಾರವು, ಬಂದುದು ಒಣಮಣ್ಣಿನಿಂದಲೇ. ಅದು ಹೇಗೆ?

ನೀರೂ ಪಾಚಿಯೂ ಧಾರಾಳವಾಗಿರುವಾಗ ಇವುಗಳಲ್ಲಿ ಗಂಡು ಬೇಕಾಗಿಯೇ ಇಲ್ಲ. ಹೆಣ್ಣು ತಾನೊಂದೇ ತತ್ತಿಯಿಟ್ಟು ಬೆನ್ನಿನ ಚೀಲದಲ್ಲಿ ಮರಿಮಾಡುತ್ತದೆ, ಮರಿಗಳೂ ಹೆಣ್ಣೇ. ಕಷ್ಟಕಾಲದ ಸೂಚನೆ ಸಿಕ್ಕೊಡನೆ ಗಂಡುಮರಿಗಳು ಹುಟ್ಟುತ್ತವೆ. ಆಗ ಗಂಡಿನೊಡನೆ ಕೂಡಿದ ಹೆಣ್ಣು ಇಡುವ ತತ್ತಿಯ ಬಗೆಯೇ ಬೇರೆ. ಜಾತಿಗನುಸಾರವಾಗಿ ಒಂದೋ ಎರಡೋ ತತ್ತಿ. ಸುತ್ತಲೂ ಕುದುರೆಯ ಜೀನಿನಂತಹ ಗಟ್ಟಿ ಕವಚ. ತಾಯಿ ಪೊರೆ ಕಳಚಿದಾಗ ಅದು ಕೆಸರನ್ನು ಸೇರುತ್ತದೆ. ಒಳಗಿನ ಭ್ರೂಣ ಬೆಳೆಯುವುದನ್ನು ನಿಲ್ಲಿಸಿ ನಿದ್ರಿಸುತ್ತದೆ.

ಗುಂಡಿ ಬತ್ತುವವರೆಗೆ ಕಾದರೆ ಕಾಲ ಮಿಂಚಿಹೋಗುತ್ತದೆ, ಮುಂಚಿತವಾಗಿಯೇ ತಿಳಿಯಬೇಕು. ಗುಂಪಿನ ದಟ್ಟಣೆ, ಆಹಾರದ ಕೊರತೆ, ಹಗಲಿನ ಉದ್ದ, ಮೀನಿನ ವಾಸನೆ ಇವೇ ಸೂಚನೆಗಳು. ಒಂದೇ ಸೂಚನೆ ಸಾಲದೆಯೂ ಇರಬಹುದು: ಡ್ಯಾಫ್ನಿಯಾ ಎಂಬ ನೀರುಚಿಗಟಕ್ಕೆ ಹಗಲು ಕುಗ್ಗುವುದೂ ಗುಂಪು ದಟ್ಟವಾಗುವುದೂ ಒಟ್ಟಿಗೆ ಬೇಕೆಂದು ಸ್ಟ್ರಾಸ್ ಮತ್ತು ಹಿಲ್ ಎಂಬವರು 1965ರಲ್ಲಿ ತೋರಿಸಿದರು. ಮಂಗಳೂರಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಸುಮಾರು ಒಂದೂವರೆ ಗಂಟೆಯ ಅಂತರವಷ್ಟೆ. ಆದುದರಿಂದ ನಮ್ಮ ಗುಂಡಿಯಲ್ಲಿ ದಟ್ಟಣೆಯೂ ಹಸಿವೆಯೂ ಹೆಚ್ಚಾಗಿ ಮಾತನಾಡುತ್ತಿರಬೇಕೆಂದು ನನ್ನ ಊಹೆ.

ನೀರು ಬಂದೊಡನೆ ತತ್ತಿಗಳೆಲ್ಲವೂ ಒಡೆಯುವುದಿಲ್ಲ. ಮೇ ತಿಂಗಳ ಒಂದು ಮಳೆ ಮೋಸಮಾಡಬಹುದಷ್ಟೆ? ಬೀಜದ ಭತ್ತವನ್ನೆಲ್ಲ ಒಂದೇ ಮಳೆಗೆ ಬಿತ್ತದ ರೈತನಂತೆ ಕೆಲವು ಉಳಿದುಕೊಳ್ಳುತ್ತವೆ. ಅಮೆರಿಕದ ರೋಡ್ ಐಲೆಂಡಿನಲ್ಲಿ, ನೀರುಚಿಗಟದ ದಾಯಾದಿಯಾದ ಇನ್ನೊಂದು ಸಣ್ಣ ಜೀವಿಯ ತತ್ತಿಗಳು 300 ವರ್ಷಗಳಿಗೂ ಹೆಚ್ಚು ಕಾಲ ಕೆಸರಿನಲ್ಲಿದ್ದು ಮರಿಯಾದುವೆಂದು 1995ರಲ್ಲಿ ವರದಿಯಾಯಿತು.

ಇಷ್ಟೆಲ್ಲ ಗೆದ್ದ ತತ್ತಿಗೆ ಸೋಲುಂಟೆ? ಉಂಟು. ಎಚ್ಚರಗೊಳ್ಳಲು ಅದಕ್ಕೆ ನೀರೂ ಬೆಳಕೂ ಬೇಕು. ನಮ್ಮ ಗುಂಡಿಗೆ ಈಗ ಒಡೆದ ಮನೆಗಳ ಮಣ್ಣು ಬೀಳುತ್ತಿದೆ, ಅರ್ಧ ಮುಚ್ಚಿದೆ. ಅದರಡಿಯಲ್ಲಿರುವ ತತ್ತಿಗೆ ಮಳೆಗಾಲ ಬಂದುದು ತಿಳಿಯುವ ದಾರಿಯಿಲ್ಲ. ಮುಚ್ಚದ ಮೂಲೆಯಿಂದ ಒಂದು ಡಬ್ಬಿ ಮಣ್ಣನ್ನು ತೆಗೆದಿಟ್ಟಿದ್ದೇನೆ. ನೋಡಬೇಕೆನ್ನುವ ಮಿತ್ರರು ಒಂದು ಭರಣಿಯೊಡನೆ ಬರಬಹುದು.