ಕಚ್ಚಿಕೊಂಡ ಬೋಲ್ಟು ಬಿಡಿಸುವ ಕಸುಬು

ಕಾರಿನ ಬ್ರೇಕ್ ಪ್ಯಾಡ್ ಬದಲಿಸುವುದು ಗಂಟೆಯೊಳಗೆ ಮುಗಿಯುವ ಕೆಲಸವೆಂದು ದುರಸ್ತಿಯ ಕೈಪಿಡಿಗಳು ಲೆಕ್ಕ ಹಾಕುವಾಗ, ಅದಕ್ಕಾಗಿ ಬಿಚ್ಚಬೇಕಾದ ಬೋಲ್ಟು, ಸ್ಕ್ರೂಗಳೆಲ್ಲ ಮೊದಲ ಪಟ್ಟಿಗೇ ತಿರುಗಿ ಬರುತ್ತವೆ ಎಂಬ ಊಹೆ ಆ ಲೆಕ್ಕದೊಳಗೆ ಅಡಗಿರುತ್ತದೆ. ಬ್ರಿಟನ್ನಿನ ಜಾನ್ ಹೇನ್ಸ್ 1966ರಲ್ಲಿ ಆಸ್ಟಿನ್ ಹೀಲಿ ಸ್ಪ್ರೈಟ್ ಕಾರಿಗಾಗಿ ಹೊರತಂದ ಕೈಪಿಡಿ ಮತ್ತು ಅದರ ಬೆನ್ನಿಗೆ ಬಂದ ಪುಸ್ತಕಗಳು ಕಾರನ್ನು ಮನೆಯಂಗಳದಲ್ಲೇ ಬಿಚ್ಚಿ ಜೋಡಿಸುವ ವಿದ್ಯೆಯನ್ನು ಸಾಮಾನ್ಯರಿಗೆ ಕಲಿಸಿದವು, ನಿಜ. ಆದರೆ ಐದಾರು ಮಳೆಗಾಲ ಕಂಡ ಕಾರಿನ ಚಕ್ರ ಕಳಚಿ ಕುಳಿತವನಿಗೆ, ಚಿತ್ರದಲ್ಲಿ ಬಾಣದ ಗುರುತಿಟ್ಟು ತೋರಿಸಿದ ಬೋಲ್ಟು ಸುಲಭವಾಗಿ ಸಿಕ್ಕರೂ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಗ್ಯಾರೇಜುಗಳಲ್ಲಿ ಬೋಲ್ಟು ಜಾಮ್ ಆಗಿದೆ, ಕಚ್ಚಿಕೊಂಡಿದೆ ಎನ್ನುವುದು ಈ ಸ್ಥಿತಿಗೆ. ಅದನ್ನು ಮುರಿಯದೆ ಬಿಡಿಸುವುದು ತನ್ನದೇ ಆದ ಉಪಕರಣ, ಕ್ರಮ ಮತ್ತು ಕೈಹದವುಳ್ಳ ಒಂದು ಕಸುಬಾಗಿದ್ದು, ವಾಹನದ ಉಳಿದ ಭಾಗಗಳಲ್ಲಿ ಸಲೀಸಾಗಿ ಬಳಸುವ ಎಣ್ಣೆ, ಬೆಂಕಿ, ಸುತ್ತಿಗೆಗಳನ್ನು ಬ್ರೇಕಿನ ಬಳಿ ಎಲ್ಲಿ ಬಳಸಬಾರದೆಂದು ಅರಿಯುವುದೇ ಅದರ ಕಷ್ಟದ ಪಾಠ.

ಬೋಲ್ಟನ್ನು ಬಿಗಿಯುವಾಗ ಸ್ಪ್ಯಾನರಿಗೆ ಕೊಡುವ ತಿರುಚುಬಲದ, ಅಂದರೆ ಟಾರ್ಕಿನ, ಸುಮಾರು ಹತ್ತನೇ ಒಂದು ಪಾಲು ಮಾತ್ರ ಎರಡು ಭಾಗಗಳನ್ನು ಒತ್ತಿ ಹಿಡಿಯುವ ಬಲವಾಗುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟು ಬೋಲ್ಟಿನ ತಲೆಯಡಿಯ ಘರ್ಷಣೆಯಲ್ಲಿ, ಮಿಕ್ಕದ್ದು ಥ್ರೆಡ್ಡುಗಳ, ಎಂದರೆ ತಿರುಪಿನ ಎಳೆಗಳ, ಘರ್ಷಣೆಯಲ್ಲಿ ವ್ಯಯವಾಗುತ್ತದೆ. ಹೀಗೆ ಹೊಸ ಬೋಲ್ಟಿನಲ್ಲೂ ಘರ್ಷಣೆಯದೇ ಮೇಲುಗೈಯಾಗಿರುವಾಗ ಅದಕ್ಕೆ ತುಕ್ಕು ಸೇರಿದರೆ ಸಮಸ್ಯೆ ಎಷ್ಟೋ ಪಟ್ಟು ಬೆಳೆಯುತ್ತದೆ, ಏಕೆಂದರೆ ಕಬ್ಬಿಣ ತುಕ್ಕಾಗಿ ಮಾರ್ಪಡುವಾಗ ತಾನು ಮೊದಲು ಆಕ್ರಮಿಸಿದ್ದ ಜಾಗದ ಎರಡರಿಂದ ಆರು ಪಟ್ಟು ಜಾಗವನ್ನು ಬೇಡುತ್ತದೆ ಮತ್ತು ಎಳೆಗಳ ನಡುವಿನ ಕೂದಲೆಳೆಯ ಸಂದಿನಲ್ಲಿ ಆ ಜಾಗ ಇರುವುದಿಲ್ಲ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಕ್ಯಾಲಿಪರಿನೊಳಗೆ ಕೂತಿದ್ದರೆ, ಎರಡು ಬೇರೆ ಲೋಹಗಳು ನೀರಿನ ಸಂಪರ್ಕದಲ್ಲಿ ಸಣ್ಣ ವಿದ್ಯುತ್ ಕೋಶದಂತೆ ವರ್ತಿಸಿ ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಉಬ್ಬುವುದೂ ಉಂಟು. (ಕ್ಯಾಲಿಪರ್ ಎಂದರೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಪ್ಯಾಡುಗಳಿಂದ ಒತ್ತಿ ಹಿಡಿಯುವ ಚಿಮುಟದಂಥ ಭಾಗ.) ಇದೆಲ್ಲದರ ಮೇಲೆ ಬ್ರೇಕು ದಿನಕ್ಕೆ ಹತ್ತಾರು ಸಲ ಕಾದು ತಣಿಯುತ್ತದೆ, ಕಾದಾಗಲೇ ಕೆಸರು ನೀರು ಎರಚಿಸಿಕೊಳ್ಳುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಕೆನಡಾ, ಬ್ರಿಟನ್ ಮತ್ತು ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಈ ಕಸುಬು ಹೆಚ್ಚು ಬೆಳೆದಿರುವುದಕ್ಕೆ ಕಾರಣ ಆ ಉಪ್ಪೇ. ಕೂಲಿ ದುಬಾರಿಯಾದ ಆ ದೇಶಗಳಲ್ಲಿ ನೆಲೆಸಿದ ಕನ್ನಡಿಗರೂ ಊರಿನಲ್ಲಿ ಎಂದೂ ಹಿಡಿಯದ ಸ್ಪ್ಯಾನರನ್ನು ಅಲ್ಲಿ ಹಿಡಿಯುವುದುಂಟು. ಉಪ್ಪುಗಾಳಿಯೂ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿದ ಮಳೆಯೂ ಇರುವ ಮಂಗಳೂರಿನ ಕಾರುಗಳ ಕೆಳಭಾಗ ಬಯಲುಸೀಮೆಯ ಕಾರುಗಳಿಗಿಂತ ಬೇಗ ಕೆಂಪಗಾಗುವುದರಲ್ಲಿ ಆಶ್ಚರ್ಯವಿಲ್ಲ.

ಬಿಡಿಸುವ ಕೆಲಸ ಬಲದಿಂದ ಆರಂಭವಾಗದೆ ತಂತಿಯ ಬ್ರಷ್ಷಿನಿಂದ ಆರಂಭವಾಗಬೇಕು, ಏಕೆಂದರೆ ಮಣ್ಣು ತುಕ್ಕುಗಳ ಪದರ ಇರುವವರೆಗೆ ಸಾಕೆಟ್ಟು ತಲೆಯ ಮೇಲೆ ಪೂರ್ತಿ ಕೂರುವುದಿಲ್ಲ, ಎಣ್ಣೆಯೂ ಒಳಕ್ಕೆ ಇಳಿಯುವುದಿಲ್ಲ. ಸಾಕೆಟ್ಟು ಆರು ಮೂಲೆಯದೇ ಆಗಿರಬೇಕು. ಎಲ್ಲ ಕೋನಕ್ಕೂ ಒಗ್ಗುತ್ತದೆಂದು ಜನಪ್ರಿಯವಾಗಿರುವ ಹನ್ನೆರಡು ಮೂಲೆಯ ಸಾಕೆಟ್ಟು ಬೋಲ್ಟಿನ ಮೂಲೆಗಳನ್ನಷ್ಟೇ ಹಿಡಿದು ತಲೆಯನ್ನು ಗುಂಡಗೆ ಸವೆಸಿಬಿಡುತ್ತದೆ, ಆಮೇಲೆ ಸಾಮಾನ್ಯ ಉಪಕರಣಕ್ಕೆ ಹಿಡಿತ ಸಿಗುವುದಿಲ್ಲ. ಉದ್ದನೆಯ ಹಿಡಿಕೆ ಹಾಕಿ ಜಗ್ಗುವ ಕೆಲಸವಾದ್ದರಿಂದ ಕಾರು ಬರೀ ಜಾಕಿನ ಮೇಲೆ ನಿಂತಿರಬಾರದು. ಆಕ್ಸೆಲ್ ಸ್ಟ್ಯಾಂಡಿನ ಮೇಲೆ ಕೂತಿರಬೇಕು, ನೆಲದ ಮೇಲಿರುವ ಚಕ್ರಗಳಿಗೆ ಅಡೆಕಲ್ಲು ಇಟ್ಟಿರಬೇಕು.

ಸಂದುಗಳಿಗೆ ಇಳಿಯುವ ತೆಳು ಎಣ್ಣೆಯ ಬಗ್ಗೆ ಇರುವ ಭಕ್ತಿ ಅದರ ಸಾಮರ್ಥ್ಯಕ್ಕಿಂತ ತುಸು ಹೆಚ್ಚೇ. ಭಾರತದ ಮನೆಗಳಲ್ಲೂ ಕಾಣಸಿಗುವ ಡಬ್ಲ್ಯೂಡಿ-40 ಎಂಬ ನೀಲಿ-ಹಳದಿ ಡಬ್ಬಿಯ ದ್ರವವನ್ನು ಸ್ಯಾನ್ ಡಿಯೆಗೊ ನಗರದ ರಾಕೆಟ್ ಕೆಮಿಕಲ್ ಕಂಪನಿ 1953ರಲ್ಲಿ ರೂಪಿಸಿದ್ದು ಲೋಹದ ಮೇಲಿನ ನೀರನ್ನು ಹೊರದೂಡಿ ತುಕ್ಕು ತಡೆಯುವುದಕ್ಕೇ ಹೊರತು ಹಿಡಿದ ತುಕ್ಕನ್ನು ಬಿಡಿಸುವುದಕ್ಕಲ್ಲ. ಇದೇ ಕೆಲಸಕ್ಕೆಂದು ಮಾರುವ ಪೆನೆಟ್ರೇಟಿಂಗ್ ಆಯಿಲುಗಳು ಇದಕ್ಕಿಂತ ಮೇಲು, ಹಳೆಯ ಗ್ಯಾರೇಜುಗಳ ಸೀಮೆಎಣ್ಣೆಯೂ ತಕ್ಕಮಟ್ಟಿಗೆ ನಡೆಯುತ್ತದೆ. ಆದರೆ ಹಿಂದಿನ ರಾತ್ರಿಯೇ ಹಚ್ಚಿ, ಮಧ್ಯೆ ಒಂದೆರಡು ಸಲ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ತಟ್ಟಿ, ಮತ್ತೆ ಹಚ್ಚಿದರೆ ಮಾತ್ರ ಎಣ್ಣೆಗೆ ಎಳೆಗಳವರೆಗೆ ದಾರಿಯಾಗುತ್ತದೆ. ಬ್ರೇಕಿನಲ್ಲಿ ಇದನ್ನು ಸ್ಪ್ರೇ ಮಾಡಕೂಡದು, ಕಡ್ಡಿಯಿಂದಲೋ ಕುಂಚದಿಂದಲೋ ತೊಟ್ಟುತೊಟ್ಟಾಗಿ ಇಡಬೇಕು. ಪ್ಯಾಡಿನ ರಂಧ್ರಮಯ ಮೈ ಎಣ್ಣೆ ಹೀರಿಕೊಂಡರೆ ಆ ಪ್ಯಾಡನ್ನು ಎಸೆಯುವುದೇ ಸರಿ. ಕ್ಯಾಲಿಪರಿನ ರಬ್ಬರ್ ಸೀಲುಗಳೂ ಗ್ಲೈಕಾಲ್ ಮೂಲದ ಬ್ರೇಕ್ ಆಯಿಲಿಗೆ ಹೊಂದುವಂತೆ ತಯಾರಾದವಾದ್ದರಿಂದ ಖನಿಜ ತೈಲ ತಾಗಿದರೆ ಉಬ್ಬಿ ಕೆಡುತ್ತವೆ.

ಮುಂದಿನದು ಕೈಹದದ ಮಾತು. ನುರಿತವರು ಬೋಲ್ಟನ್ನು ಮೊದಲು ಬಿಚ್ಚುವ ದಿಕ್ಕಿಗೆ ತಿರುಗಿಸದೆ ಬಿಗಿಯುವ ದಿಕ್ಕಿಗೇ ಒಂದು ಸಣ್ಣ ಒತ್ತು ಕೊಡುವುದು ತುಕ್ಕಿನ ಬೆಸುಗೆ ಬಿರಿಯಲೆಂದು. ಅದು ಬಿರಿದಾಗ ಟಕ್ ಎಂಬ ಒಣ ಸದ್ದು ಕೇಳುತ್ತದೆ, ಆಮೇಲೆ ಕಾಲು ಸುತ್ತು ಹಿಂದೆ, ಅರ್ಧ ಕಾಲು ಮುಂದೆ, ಒಂದು ತೊಟ್ಟು ಎಣ್ಣೆ, ಮತ್ತೆ ಹಿಂದೆ ಎಂಬ ಲಯದಲ್ಲಿ ತುಕ್ಕಿನ ಪುಡಿಯನ್ನು ಎಳೆಗಳಿಂದ ಹೊರತರಲಾಗುತ್ತದೆ. ಕಿರ್ರೆಂದು ಕೂಗುತ್ತ ತಿರುಗುವ ಬೋಲ್ಟು ಹೆದರಿಸಿದರೂ ಹೊರಗೆ ಬರುವ ಹಾದಿಯಲ್ಲೇ ಇರುತ್ತದೆ. ಸದ್ದೇ ಇಲ್ಲದೆ, ಪಾಕದ ಎಳೆಯಂತೆ ಮೆತ್ತಗೆ ಹಿಗ್ಗುತ್ತ ಸ್ಪ್ಯಾನರು ಸರಿಯತೊಡಗಿದರೆ ಮಾತ್ರ ಕೈ ತಕ್ಷಣ ನಿಲ್ಲಬೇಕು, ಏಕೆಂದರೆ ಆಗ ಎಳೆಗಳು ಬಿಡುತ್ತಿಲ್ಲ, ಬೋಲ್ಟಿನ ಕಾಂಡವೇ ತಿರುಚುತ್ತಿದೆ. ಆ ವ್ಯತ್ಯಾಸ ಉದ್ದದ ಪೈಪು ತೊಡಿಸಿದ ಹಿಡಿಕೆಯಲ್ಲಿ ಅಂಗೈಗೆ ಸರಿಯಾಗಿ ತಿಳಿಯದು; ಪೈಪನ್ನೇ ಮೊದಲ ಉಪಾಯವಾಗಿ ಹಿಡಿಯುವವರಿಂದಲೇ ಹೆಚ್ಚು ಬೋಲ್ಟುಗಳು ಮುರಿಯುತ್ತವೆ.

ಗಾತ್ರದಲ್ಲಿ ಸಣ್ಣದಾಗಿದ್ದೂ ಅತಿ ಹೆಚ್ಚು ಬೈಗುಳ ತಿಂದಿರುವುದು ಡಿಸ್ಕನ್ನು ಚಕ್ರ ಕೂರುವ ಹಬ್ಬಿಗೆ ಅಂಟಿಸಿ ಹಿಡಿಯುವ, ಹೋಂಡಾ ಮೊದಲಾದ ಜಪಾನಿ ಕಾರುಗಳಲ್ಲಿ ಕಾಣುವ, ಆರು ಮಿಲಿಮೀಟರ್ ದಪ್ಪದ ಸ್ಕ್ರೂ. ಅದರ ತಲೆಯ ಮೇಲಿನ ಕೂಡುಗೆರೆ ನೋಡಲು ಫಿಲಿಪ್ಸ್ ಮಾದರಿಯಂತೆಯೇ ಇರುತ್ತದೆ. ಪೋರ್ಟ್‌ಲ್ಯಾಂಡಿನ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಆ ವಿನ್ಯಾಸದಲ್ಲಿ ಬಲ ಹೆಚ್ಚಿದಂತೆ ಸ್ಕ್ರೂಡ್ರೈವರು ಮೇಲಕ್ಕೆ ಜಾರುವ ಗುಣವಿದೆ. ಜಪಾನಿನ ಜೆಐಎಸ್ ಮಾನದಂಡದ ಸ್ಕ್ರೂಗಳ ಗೆರೆ ಕೊಂಚ ಬೇರೆ, ಹಲವು ಬಾರಿ ತಲೆಯ ಮೇಲೆ ಒಂದು ಪುಟ್ಟ ಚುಕ್ಕೆಯ ಗುರುತು ಇರುತ್ತದೆ, ಮತ್ತು ಅದಕ್ಕೆ ಫಿಲಿಪ್ಸ್ ತುದಿ ಹಾಕಿದರೆ ಎರಡನೇ ಯತ್ನದಲ್ಲೇ ಗೆರೆ ಸವೆದು ಬಟ್ಟಲಾಗುತ್ತದೆ. ಇದಕ್ಕೆಂದೇ ಇರುವ ಸಾಧನ ಕೈ ಇಂಪ್ಯಾಕ್ಟ್ ಡ್ರೈವರ್: ದಪ್ಪ ಉಕ್ಕಿನ ಹಿಡಿಯ ಹಿಂಬದಿಗೆ ಸುತ್ತಿಗೆಯ ಏಟು ಬಿದ್ದಾಗ ಒಳಗಿನ ಓರೆ ತೋಡು ಆ ಏಟನ್ನು ಸಣ್ಣ ತಿರುಗಾಟವಾಗಿಸುತ್ತದೆ, ಅದೇ ಕ್ಷಣದಲ್ಲಿ ತುದಿಯನ್ನು ಗೆರೆಯೊಳಕ್ಕೆ ಒತ್ತಿಯೂ ಹಿಡಿಯುತ್ತದೆ. ಹಿಡಿಯನ್ನು ಮೊದಲೇ ಬಿಚ್ಚುವ ದಿಕ್ಕಿಗೆ ಬಿಗಿಯಾಗಿ ತಿರುಗಿಸಿ ಹಿಡಿದು, ನಾಲ್ಕೈದು ಅಳುಕಿಲ್ಲದ ಏಟು ಕೊಟ್ಟರೆ ಬಹುಪಾಲು ಸ್ಕ್ರೂಗಳು ಸಡಿಲುತ್ತವೆ. ಸಡಿಲದಿದ್ದರೆ ಎಂಟು ಮಿಲಿಮೀಟರ್ ಡ್ರಿಲ್ಲಿನಿಂದ ತಲೆಯನ್ನೇ ಕೊರೆದು ತೆಗೆಯಬಹುದು. ತಲೆ ಕಳಚಿದೊಡನೆ ಒತ್ತಡವೂ ಹೋಗುವುದರಿಂದ, ಡಿಸ್ಕು ತೆಗೆದ ಮೇಲೆ ಉಳಿದ ಮೋಟನ್ನು ಎಷ್ಟೋ ಸಲ ಸಾಮಾನ್ಯ ಇಕ್ಕಳವೇ ಹೊರತರುತ್ತದೆ. ಓಡುವ ಕಾರಿನಲ್ಲಿ ಡಿಸ್ಕನ್ನು ಹಿಡಿದಿಡುವುದು ಚಕ್ರದ ನಟ್ಟುಗಳೇ ಆದ್ದರಿಂದ ಈ ಸ್ಕ್ರೂ ಹಾಳಾದರೆ ಕಂಗೆಡಬೇಕಿಲ್ಲ. ಹಿಂದಿನ ಚಕ್ರದ ಬ್ರೇಕ್ ಡ್ರಮ್ಮು ಕಚ್ಚಿಕೊಂಡಿದ್ದರಂತೂ ಅದರ ಮುಖದ ಮೇಲಿನ ಎರಡು ಎಳೆಯುಳ್ಳ ತೂತುಗಳಿಗೆ ಬೋಲ್ಟು ಹಾಕಿ ಸಮನಾಗಿ ಬಿಗಿಯುತ್ತ ಹೋದರೆ ಡ್ರಮ್ಮು ತಾನಾಗಿ ಹೊರಕ್ಕೆ ತಳ್ಳಿಕೊಳ್ಳುತ್ತದೆ. ಆ ತೂತುಗಳಿರುವುದೇ ಅದಕ್ಕೆ.

ಶಾಖವೇ ಎಲ್ಲಕ್ಕಿಂತ ಬಲವಾದ ಮದ್ದು. ಹತ್ತು ಮಿಲಿಮೀಟರಿನ ತೂತುಳ್ಳ ಅಲ್ಯೂಮಿನಿಯಂ 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ತೂತು ಸುಮಾರು 0.023 ಮಿಲಿಮೀಟರ್ ಹಿಗ್ಗುತ್ತದೆ, ಅದರೊಳಗಿನ ಉಕ್ಕು 0.012 ಮಾತ್ರ, ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಆ ಅಂತರ ತುಕ್ಕಿನ ಪದರವನ್ನು ಬಿರಿಸಲು ಸಾಕು. ಬಿಸಿ ಬೋಲ್ಟಿಗೆ ಮೇಣದಬತ್ತಿ ತಾಗಿಸಿ ಕರಗಿದ ಮೇಣವನ್ನು ಎಳೆಗಳೊಳಕ್ಕೆ ಹರಿಯಬಿಡುವ ಹಳೆಯ ಉಪಾಯವೂ ನಿಜಕ್ಕೂ ಫಲ ಕೊಡುತ್ತದೆ. ಕ್ಯಾಲಿಪರನ್ನು ಹೊರುವ ಬ್ರ್ಯಾಕೆಟ್ಟಿನ ಬೋಲ್ಟುಗಳಿಗೆ ಕಾರ್ಖಾನೆಯಲ್ಲೇ ಅಂಟು ಹಚ್ಚಿದ್ದರೆ ಅದು ಮೆತ್ತಗಾಗುವುದೂ 250 ಡಿಗ್ರಿಯ ಆಸುಪಾಸಿನ ಶಾಖಕ್ಕೇ. ಆದರೆ ಪಕ್ಕದಲ್ಲೇ ರಬ್ಬರಿನ ಬೂಟು, ಹೋಸು, ಎಬಿಎಸ್ ಸಂವೇದಕದ ತಂತಿಗಳಿರುತ್ತವೆ, ಕ್ಯಾಲಿಪರಿನೊಳಗೆ ಉರಿಯಬಲ್ಲ ಬ್ರೇಕ್ ಆಯಿಲ್ ಇರುತ್ತದೆ, ಮುಚ್ಚಿದ ಜಾಗದಲ್ಲಿ ಅದು ಕುದಿದರೆ ಕುದಿಯುವ ದ್ರವ ಸಿಡಿಯುತ್ತದೆ. ಇದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವ ಅಪಾಯ ಬ್ರೇಕ್ ಕ್ಲೀನರಿನದು: ಕ್ಲೋರಿನ್ ಸಂಯುಕ್ತವುಳ್ಳ ಕ್ಲೀನರಿನ ತೇವ ಉಳಿದಿರುವಲ್ಲಿ ಜ್ವಾಲೆ ಹಿಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಪ್ರಯೋಗಿಸಿದ್ದ ಅನಿಲವೇ ಅದು. ಹಾಗಾಗಿ ಕ್ಯಾಲಿಪರು ಪೂರ್ತಿ ಕಳಚಿ ಬೇರೆ ಇರುವಾಗ, ಬ್ರ್ಯಾಕೆಟ್ಟಿನಂಥ ಬರಿಯ ಲೋಹಕ್ಕಷ್ಟೇ ಬೆಂಕಿ ಎಂಬ ಕಟ್ಟಳೆ ಮನೆಯಲ್ಲಿ ಕೆಲಸ ಮಾಡುವವರಿಗೆ ಒಳ್ಳೆಯದು.

ಕ್ಯಾಲಿಪರಿನ ಮೇಲ್ತುದಿಯ ಬ್ಲೀಡರ್ ನಿಪ್ಪಲ್ಲು ಬೇರೆಯೇ ಜಾತಿಯದು. ಆಯಿಲಿನೊಳಗೆ ಸೇರಿದ ಗಾಳಿಯನ್ನು ಹೊರಬಿಡಲು ಇರುವ ಈ ಸ್ಕ್ರೂ ಟೊಳ್ಳು, ಬಿಗಿ ಬೇಕಾದದ್ದು ಹತ್ತು ನ್ಯೂಟನ್-ಮೀಟರಿನ ಆಸುಪಾಸು ಮಾತ್ರ, ಮತ್ತು ರಬ್ಬರ್ ಟೋಪಿ ಕಳೆದುಹೋಗಿದ್ದರೆ ಮಳೆನೀರು ಅದರ ಟೊಳ್ಳಿನಲ್ಲೇ ನಿಂತು ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಟೊಳ್ಳಿನೊಳಕ್ಕೆ ಸರಿಯಾಗಿ ಕೂರುವ ಡ್ರಿಲ್ ಬಿಟ್ಟಿನ ಬಾಲವನ್ನು ತೂರಿಸಿ, ಅದರ ಮೇಲೆ ಮೆಲ್ಲಗೆ ತಟ್ಟಿ, ಆಮೇಲೆ ಆರು ಮೂಲೆಯ ಸಾಕೆಟ್ಟಿನಿಂದ ತಿರುಗಿಸಿದರೆ ಗೋಡೆಗಳು ಒಳಕ್ಕೆ ಕುಸಿಯುವುದಿಲ್ಲ. ಅಷ್ಟಕ್ಕೂ ಬಗ್ಗದಿದ್ದರೆ, ಬದಲಿಸಬೇಕಿರುವುದು ಪ್ಯಾಡುಗಳನ್ನು ಮಾತ್ರವಾದರೆ, ನಿಪ್ಪಲ್ಲನ್ನು ಅದರ ಪಾಡಿಗೆ ಬಿಡುವುದೇ ಜಾಣತನ. ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿದಾಗ ಆಯಿಲು ಮೇಲಿನ ಡಬ್ಬಿಗೆ ಮರಳುತ್ತದೆಯೇ ಹೊರತು ಗಾಳಿ ಒಳಬರುವುದಿಲ್ಲ. ಮುರಿದ ನಿಪ್ಪಲ್ಲಿನೊಳಕ್ಕೆ ಎಕ್ಸ್‌ಟ್ರ್ಯಾಕ್ಟರ್, ಅಂದರೆ ಎಡಸುತ್ತಿನ ಕೀಳುಮೊಳೆ, ಬಡಿಯುವ ಸಾಹಸವೂ ಉಂಟು. ಗಡಸು ಉಕ್ಕಿನ ಆ ಮೊಳೆಯೇ ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ಲು ಅದನ್ನು ಕೊರೆಯಲಾರದು, ಕೊನೆಗೆ ಕ್ಯಾಲಿಪರನ್ನೇ ಬದಲಿಸಬೇಕಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಹತ್ತಿರವಿರುವವರು ಆ ಸಾಹಸಕ್ಕೆ ಇಳಿಯದೆ ನೇರವಾಗಿ ಬೇರೆ ಕ್ಯಾಲಿಪರು ತರುವುದೇ ಲೇಸು.

ಬಿಡಿಸಿದ ಬೋಲ್ಟನ್ನು ಮತ್ತೆ ಹಾಕುವ ಮುನ್ನ ಎಳೆಗಳನ್ನು ಉಜ್ಜಿ, ತಲೆ ಸವೆದದ್ದನ್ನು ಎಸೆದು, ಕ್ಯಾಲಿಪರು ಜಾರುವ ಸ್ಲೈಡ್ ಪಿನ್ನುಗಳಿಗೆ ಸಿಲಿಕೋನ್ ಗ್ರೀಸು ಸವರಬೇಕು. ಮುಂದೆ ಕಚ್ಚದಿರಲೆಂದು ಎಳೆಗಳಿಗೆ ಆಂಟಿ-ಸೀಜ್ ಲೇಪ ಬಳಿಯುವವರು, ಘರ್ಷಣೆ ಕಡಿಮೆಯಾದಾಗ ಅದೇ ಟಾರ್ಕು ಬೋಲ್ಟನ್ನು ಹೆಚ್ಚು ಎಳೆಯುತ್ತದೆ ಎಂಬುದನ್ನು ಮರೆಯುತ್ತಾರೆ. ತಯಾರಕರ ಕೈಪಿಡಿ ಲೇಪ ಹೇಳದ ಕಡೆ ಒಣ ಎಳೆಯೇ ಸರಿ, ಬಿಗಿಯುವುದು ಟಾರ್ಕ್ ರೆಂಚಿನಲ್ಲೇ ಆಗಬೇಕು. ಹಿಂದಕ್ಕೆ ತಳ್ಳಿದ ಪಿಸ್ಟನ್ನು ಹೊಸ ಪ್ಯಾಡಿನವರೆಗೆ ಮರಳಿ ಬರಲು ಪೆಡಲನ್ನು ಹಲವು ಸಲ ತುಳಿಯಬೇಕಾಗುತ್ತದೆ, ಮತ್ತು ಅದು ಕಾಲಿಗೆ ಗಟ್ಟಿಯಾಗಿ ಸಿಗುವವರೆಗೆ ಕಾರನ್ನು ಗೇರಿಗೆ ಹಾಕಕೂಡದು.