ಪರರ ಬಾಯಲ್ಲಿ ನಮ್ಮ ಹೆಸರು

ಹೆಸರಿಟ್ಟವರು ಯಾರು, ಯಾರನ್ನು ಕೇಳಿ ಇಟ್ಟರು? ದಲಿತ ವಿಮರ್ಶೆ ಈ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಕೇಳಬೇಕಾಗಿದೆ. ಯುರೋಪಿನ ಭಾಷೆಗಳು ಕನ್ನಡಕ್ಕೊಂದು ಹೆಸರಿಟ್ಟವು, ಕನ್ನಡನಾಡಿನ ಹೊಲೆಮಾದಿಗರಿಗೆ ಇನ್ನೊಂದು. ಮೊದಲನೆಯದನ್ನು ತಿದ್ದಿದ್ದಾಯ್ತು. ಎರಡನೆಯದು ಅವರ ನಿಘಂಟುಗಳಲ್ಲಿ ಇಂದಿಗೂ ಹಾಯಾಗಿದೆ.

ಕರಾವಳಿಗೆ ಬಂದಿಳಿದ ಪೋರ್ಚುಗೀಸರ ಬಾಯಲ್ಲಿ ಕನ್ನಡನಾಡು 'ಕನರಾ' ಆಯ್ತು. ಅವರ ನಾಲಿಗೆಗೆ ಡಕಾರ ಹೊರಳಲಿಲ್ಲ, ಹೋಗಲಿ. ಆದರೆ ಗೋವೆಯ ಕೊಂಕಣಿಗರನ್ನೂ ಅವರು 'ಕನರಿಂ' ಎಂದೇ ಕರೆದರು. 1640ರಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸನ 'ಕನರಿಂ' ವ್ಯಾಕರಣವನ್ನು ಬಿಚ್ಚಿದರೆ ಅಲ್ಲಿರುವುದು ಕೊಂಕಣಿ. ಇಂಗ್ಲಿಷರು 'ಕೆನರೀಸ್' ಎಂದರು, ಜರ್ಮನರು 'ಕನರೇಸಿಶ್' ಎಂದರು. ವಿಲಿಯಂ ಕೇರಿ 1817ರ ತನ್ನ ವ್ಯಾಕರಣಕ್ಕೆ 'ಕರ್ನಾಟ' ಎಂಬ ಪಂಡಿತರ ಹೆಸರನ್ನು ಹಿಡಿದ. ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಕೆಲಸ ಶುರುಮಾಡಿದ ಥಾಮಸ್ ಹಾಡ್ಸನ್ ಜನರ ನಡುವೆ ಇದ್ದವನು. 1859ರ ಅವನ ವ್ಯಾಕರಣದ ಹೆಸರಲ್ಲಿ 'ಕನ್ನಡ ಅಥವಾ ಕೆನರೀಸ್' ಎಂದು ಎರಡೂ ಇವೆ. 1894ರ ಕಿಟೆಲ್ ನಿಘಂಟಿನ ಹೆಸರಿನ ಹೊತ್ತಿಗೆ 'ಕನ್ನಡ' ಒಂದೇ ಉಳಿಯಿತು. ಮುಂದೆ 2014ರ ನವೆಂಬರ್ 1ರಂದು 'ಟುಮ್ಕೂರ್' ಕೂಡ ಸರ್ಕಾರಿ ಇಂಗ್ಲಿಷಿನಲ್ಲಿ 'ತುಮಕೂರು' ಆಯಿತು. ನುಡಿಗೂ ಊರಿಗೂ ಕೇಳುವವರಿದ್ದರು.

ಕೇರಿಯ ಕಡೆ ಬನ್ನಿ. 1800ರಲ್ಲಿ ಗುಬ್ಬಿ, ತುಮಕೂರು ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ 'ಹೊಲೆಯರು' ಎಂಬುದನ್ನು 'ವ್ಹಲ್ಲಿಯಾರು' ಎಂದು ಬರೆದುಕೊಂಡ. ವಕ್ರವಾಗಿದ್ದರೂ ಅದು ಇಲ್ಲಿಯ ಬಾಯಿಂದಲೇ ಕೇಳಿದ್ದು. ಆದರೂ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೂತದ್ದು 'ಪರಿಯಾ' ಎಂಬ ಪದ. ತಮಿಳಿನ ಪರೈ ಎಂದರೆ ನಮ್ಮ ತಮಟೆಯಂಥ ವಾದ್ಯ. ಪರಯರು ಎಂಬ ಹೆಸರನ್ನು ಅದರೊಂದಿಗೆ ಹೊಂದಿಸುತ್ತಾರೆ. ಕಂಪನಿಯ ದೊರೆಗಳು ಮದರಾಸಿನಲ್ಲಿ ಕಲಿತ ಮಾತನ್ನು ಘಟ್ಟ ಹತ್ತಿಸಿ ಇಲ್ಲಿಗೂ ತಂದರು. ಒಂದು ಸಮುದಾಯದ ಹೆಸರು ಫ್ರೆಂಚಿನಲ್ಲಿ, ಜರ್ಮನಿನಲ್ಲಿ, ಇಂಗ್ಲಿಷಿನಲ್ಲಿ 'ಬಹಿಷ್ಕೃತ' ಎನ್ನುವ ಸಾಮಾನ್ಯ ಪದವಾಯಿತು. ಮ್ಯಾಕ್ಸ್ ವೆಬರನಂಥ ಪಂಡಿತ ಯಹೂದಿಗಳನ್ನು ವಿವರಿಸಲೂ ಇದನ್ನೇ ಎತ್ತಿಕೊಂಡ. ಬೀದಿನಾಯಿಗೂ ಇದೇ ಹೆಸರು. 'ಕೆನರೀಸ್' ಎಂದರೆ ಮುನಿಯುವ ಕನ್ನಡಾಭಿಮಾನಿಗಳು ಇದಕ್ಕೆ ಮುನಿದದ್ದು ಕಡಿಮೆ.

ನ್ಯೂಜಿಲೆಂಡಿನ ಮಾವೊರಿಗಳ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಿಳಿಯರು ಬರುವ ಮುಂಚೆ ಅವರು ತಮ್ಮ ತಮ್ಮ ಕುಲದ ಹೆಸರಿನಿಂದ ಗುರುತಾಗುತ್ತಿದ್ದರು. 'ಮಾವೊರಿ' ಎಂದರೆ ಅವರ ನುಡಿಯಲ್ಲಿ ಸಾಮಾನ್ಯ, ಎಂದಿನ ಎಂದು ಅರ್ಥ. ಹೊರಗಿನವರು ಎದುರಿಗೆ ನಿಂತಾಗ 'ನಾವು ಸಾಮಾನ್ಯರು' ಎಂದದ್ದೇ ಜನಾಂಗದ ಹೆಸರಾಯಿತು. ಇಂಗ್ಲಿಷರು ಮೊದಮೊದಲು 'ನ್ಯೂಜಿಲೆಂಡರ್' ಎಂದದ್ದು ಇವರನ್ನೇ. ಬಿಳಿಯರು ನೆಲೆಯೂರಿದ ಮೇಲೆ ನೆಲದ ಜೊತೆ ಆ ಹೆಸರೂ ಅವರ ಪಾಲಾಯಿತು! ಇವರು 'ನೇಟಿವ್' ಆದರು. ಸರ್ಕಾರಿ ಇಲಾಖೆಯ ಹೆಸರಿನಿಂದ ಆ ಪದ ಹೋಗಿ 'ಮಾವೊರಿ' ಬಂದದ್ದು 1947ರಲ್ಲಿ. 1987ರಲ್ಲಿ ಅವರ ನುಡಿ ಅಧಿಕೃತ ಭಾಷೆಯಾಯಿತು. ಈಗ ಅಲ್ಲಿನ ಇಂಗ್ಲಿಷು ಅದನ್ನು 'ತೆ ರೆಯೊ' ಎಂದೇ ಕರೆಯುತ್ತದೆ, 'ಮಾವೊರಿ'ಗೆ ತನ್ನ ಬಹುವಚನದ ಬಾಲವನ್ನೂ ಹಚ್ಚುವುದಿಲ್ಲ. ಫ್ರೆಂಚು ಮಾತ್ರ ತನ್ನ ಲಿಂಗವಚನಗಳನ್ನು ಹಚ್ಚುತ್ತಲೇ ಇದೆ.

ನಮಗೆ ಸಿಕ್ಕಿದ್ದು 'ಆದಿಕರ್ನಾಟಕ'. 1931ರ ಮೈಸೂರು ಸಂಸ್ಥಾನದ ಜನಗಣತಿಯಲ್ಲೂ 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲೂ ಈ ಹೆಸರಿದೆ. ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರಲ್ಲಿ. ಅಂದ್ರೆ ಇಡೀ ನಾಡು ಮೈಸೂರು ಎನ್ನಿಸಿಕೊಳ್ಳುತ್ತಿದ್ದಾಗಲೇ ಊರಾಚೆಯ ಕೇರಿ ಕರ್ನಾಟಕವನ್ನು ಹೆಸರಿನಲ್ಲಿ ಹೊತ್ತಿತ್ತು. ಏಕೀಕರಣದ ಚರಿತ್ರೆ ಬರೆದವರಿಗೆ ಇದು ಕಾಣಲಿಲ್ಲ.

ಗುಬ್ಬಿ, ಕುಣಿಗಲ್ ಕಡೆ ಆ ಹೆಸರೂ ಸವೆದು 'ಎಕೆ ಕಾಲೋನಿ' ಆಗಿದೆ. ಎರಡು ಇಂಗ್ಲಿಷ್ ಅಕ್ಷರ. ಅದರೊಳಗೆ ಹೊಲೆಯರಿರಬಹುದು, ಮಾದಿಗರಿರಬಹುದು. ಒಂದು ಸೀಮೆಯಲ್ಲಿ ಎಕೆ ಎಂದರೆ ಇವರು, ಇನ್ನೊಂದರಲ್ಲಿ ಅವರು. ಒಳಮೀಸಲಾತಿ ಕೇಳಿದವರಿಗೆ ಇದೇ ಗೋಡೆಯಾಯಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣಕ್ಕೆ ದಾರಿ ಬಿಟ್ಟಿತು. 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆ ಮನೆಬಾಗಿಲಿಗೆ ಬಂದು ಮೂಲಜಾತಿ ಯಾವುದೆಂದು ಕೇಳಿತು. ಆಗಲೂ ಬಹಳ ಜನ ಎಕೆ, ಎಡಿ ಎಂದಷ್ಟೇ ಹೇಳಿ ಸುಮ್ಮನಾದರು. ಅವರನ್ನು ಹೇಡಿಗಳೆಂದು ಬೈಯುವುದು ಸುಲಭ. ತುಮಕೂರಿನಂಥ ಪೇಟೆಯಲ್ಲಿ ಬಾಡಿಗೆ ಮನೆ ಹುಡುಕುವವನಿಗೆ 'ಮಾದಿಗ' ಎನ್ನುವ ಮೂರಕ್ಷರದ ಬೆಲೆ ಎಷ್ಟೆಂದು ಗೊತ್ತು. ಹೆಸರು ಹೇಳಿದರೆ ಮೀಸಲಾತಿಯ ಪಾಲು, ಹೇಳದಿದ್ದರೆ ತಲೆಯ ಮೇಲೊಂದು ಸೂರು. ಎರಡರಲ್ಲಿ ಒಂದನ್ನು ಆರಿಸಿಕೋ ಎನ್ನುವ ಊರನ್ನು ಬಿಟ್ಟು ಕೇರಿಯನ್ನೇ ಪ್ರಶ್ನಿಸುತ್ತಿದ್ದೇವೆ.

ನಮ್ಮೊಳಗೂ ನೋಡಿಕೊಳ್ಳಬೇಕಾದ್ದಿದೆ. ಮಾದಿಗರನ್ನೇ ನೆಚ್ಚಿ ಬದುಕಿದ ದಕ್ಕಲರನ್ನು ಮಾದಿಗರೂ ಮುಟ್ಟುತ್ತಿರಲಿಲ್ಲ. ಸರ್ಕಾರದ 101 ಜಾತಿಗಳ ಪಟ್ಟಿಯಲ್ಲಿ ಅವರ ಹೆಸರಿದೆ. ತುಮಕೂರಿನಲ್ಲಿ ಬಾಳಿದ ಕೆ.ಬಿ. ಸಿದ್ದಯ್ಯನವರು ಆ ಹೆಸರನ್ನೇ 'ದಕ್ಲಕಥಾದೇವಿಕಾವ್ಯ' ಎಂದು ಕಾವ್ಯದ ತಲೆಯ ಮೇಲಿಟ್ಟರು. ಚಳವಳಿಯ ವೇದಿಕೆಗಳಲ್ಲಿ ಆ ಹೆಸರಿನವರು ಇನ್ನೂ ಮೈಕಿನ ಹತ್ತಿರ ಬಂದಿಲ್ಲ.