ಫೋಟೋ ತೆಗೆಯಲು ಕಲಾ ವಿಶ್ವವಿದ್ಯಾಲಯ ಏಕೆ?

ಪ್ರಥಮ ಪರಮಪ್ರಸಾದವಿರಲಿ, ರೋಸ್ ಇರಲಿ, ಮದುವೆಯಿರಲಿ, ಫೋಟೋಗ್ರಾಫರ್ ಇಲ್ಲದ ಸಮಾರಂಭ ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲ. ಆದರೆ ಪಿಯುಸಿ ಮುಗಿಸಿದ ಮಗನೋ ಮಗಳೋ "ನಾನು ಕಲಾ ಛಾಯಾಗ್ರಹಣ ಓದುತ್ತೇನೆ" ಎಂದ ಕೂಡಲೇ ಮನೆಯವರಿಗೆ ದಿಗಿಲು. ಫೋಟೋ ತೆಗೆಯಲು ಡಿಗ್ರಿ ಬೇಕೇ? ಊರಿನ ಸ್ಟುಡಿಯೋದಲ್ಲಿ ಆರು ತಿಂಗಳು ಕಲಿತರೆ ಸಾಲದೇ? ಸಾಲ ಮಾಡಿ ಓದಿಸಿದರೆ ಮುಂದೆ ಹೊಟ್ಟೆಪಾಡು ಹೇಗೆ?

ಇವು ಹೆತ್ತವರು ಕೇಳಲೇಬೇಕಾದ ಪ್ರಶ್ನೆಗಳು. ಉತ್ತರ ಸಿಗಬೇಕಾದರೆ ಕಲಾಶಾಲೆಯ ತರಗತಿಯಲ್ಲಿ ನಿಜವಾಗಿ ಏನು ಕಲಿಸುತ್ತಾರೆ ಎಂಬುದನ್ನು ನಾವು ಮೊದಲು ತಿಳಿಯಬೇಕು.

ಎರಡು ಬಗೆಯ ಕಲಿಕೆ

ಸ್ಟುಡಿಯೋದಲ್ಲಿ ಕಲಿಯುವುದು ಒಂದು ಕಸುಬು. ಬೆಳಕು ಎಷ್ಟು ಬೇಕು, ಯಾವ ಲೆನ್ಸ್ ಹಾಕಬೇಕು, ವಧೂವರರನ್ನು ಹೇಗೆ ನಿಲ್ಲಿಸಬೇಕು ಎಂಬುದನ್ನು ಒಳ್ಳೆಯ ಗುರುವಿನ ಕೈಕೆಳಗೆ ಅಲ್ಲಿ ಚೆನ್ನಾಗಿ ಕಲಿಯಬಹುದು. ಅಲ್ಲಿ ಏನನ್ನು ಚಿತ್ರಿಸಬೇಕು ಎಂದು ಹೇಳುವವರು ಗಿರಾಕಿಗಳು.

ಕಲಾಶಾಲೆಯಲ್ಲಿ ಗಿರಾಕಿ ಇಲ್ಲ. ಏನನ್ನು ಚಿತ್ರಿಸಬೇಕು, ಏಕೆ ಚಿತ್ರಿಸಬೇಕು ಎಂಬುದನ್ನು ವಿದ್ಯಾರ್ಥಿಯೇ ನಿರ್ಧರಿಸಬೇಕು. ಕ್ಯಾಮೆರಾ ಬಳಕೆಯನ್ನು ಅಲ್ಲಿಯೂ ಕಲಿಸುತ್ತಾರೆ. ಆದರೆ ಅದು ಅಕ್ಷರಾಭ್ಯಾಸವಿದ್ದಂತೆ. ಅಕ್ಷರ ಕಲಿತ ಮೇಲೆ ಬರೆಯುವುದೇನು ಎಂಬುದೇ ಉಳಿದ ವರ್ಷಗಳ ಪಾಠ.

ಡ್ಯೂಸೆಲ್‌ಡಾರ್ಫ್‌ನ ಒಂದು ತರಗತಿ

ಇದಕ್ಕೆ ಒಳ್ಳೆಯ ಉದಾಹರಣೆ ಜರ್ಮನಿಯ ಡ್ಯೂಸೆಲ್‌ಡಾರ್ಫ್ ನಗರದ ಕಲಾ ಅಕಾಡೆಮಿ. ಇಲ್ಲಿ 1976ರಲ್ಲಿ ಬೆರ್ನ್ಡ್ ಬೆಕರ್ ಛಾಯಾಗ್ರಹಣದ ಪ್ರಾಧ್ಯಾಪಕರಾದರು. 1996ರವರೆಗೆ ಪಾಠ ಮಾಡಿದರು. ಹುದ್ದೆ ಅವರದಾದರೂ ಪತ್ನಿ ಹಿಲ್ಲಾ ಬೆಕರ್ ಕೆಲಸದಲ್ಲಿಯೂ ಬೋಧನೆಯಲ್ಲಿಯೂ ಅವರ ಜೊತೆಗಿದ್ದರು.

ಬೆರ್ನ್ಡ್ ಮೊದಲು ಚಿತ್ರ ಬರೆಯುತ್ತಿದ್ದವರು. 1957ರಲ್ಲಿ ತಮ್ಮ ಊರಿನ ಕಡೆಯ ಒಂದು ಗಣಿಯ ಚಿತ್ರ ಬರೆಯುತ್ತಿದ್ದಾಗ, ಅವರ ಕೈ ಓಡುವುದಕ್ಕಿಂತ ಬೇಗ ಅದನ್ನು ಕೆಡವಲಾಗುತ್ತಿತ್ತು. ಆದ್ದರಿಂದ ಅವರು ಕ್ಯಾಮೆರಾ ಹಿಡಿದರು. ಮುಂದೆ 1959ರಿಂದ ಈ ದಂಪತಿ ನೀರಿನ ಟ್ಯಾಂಕ್‌ಗಳು, ಕಬ್ಬಿಣ ಕರಗಿಸುವ ಕುಲುಮೆಗಳು, ಗಣಿಗಳ ಎತ್ತುಗೋಪುರಗಳು, ಗ್ಯಾಸ್ ಟ್ಯಾಂಕ್‌ಗಳನ್ನು ದಶಕಗಳ ಕಾಲ ಚಿತ್ರಿಸಿದರು. ದೊಡ್ಡ ಕ್ಯಾಮೆರಾ, ಕಪ್ಪು ಬಿಳುಪು ಫಿಲ್ಮು, ಮೋಡ ಮುಸುಕಿದ ಆಕಾಶ, ನೇರ ನೋಟ. ನೆರಳಿನ ಆಟವಿಲ್ಲ, ಅಲಂಕಾರವಿಲ್ಲ. ಒಂದೇ ಬಗೆಯ 9 ಅಥವಾ 15 ಕಟ್ಟಡಗಳ ಚಿತ್ರಗಳನ್ನು ಸಾಲಾಗಿ ಜೋಡಿಸಿ ತೂಗುಹಾಕುತ್ತಿದ್ದರು. ಆಗ ಒಂದೊಂದರ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಅವರು ಚಿತ್ರಿಸಿದ ಎಷ್ಟೋ ಕಟ್ಟಡಗಳು ಇಂದು ಇಲ್ಲ. 1990ರಲ್ಲಿ ವೆನಿಸ್‌ನ ಕಲಾ ಮೇಳದಲ್ಲಿ ಅವರಿಗೆ ಪ್ರಶಸ್ತಿ ಬಂತು. ವಿಶೇಷವೆಂದರೆ ಅದು ಶಿಲ್ಪಕಲೆಗೆ ಮೀಸಲಾದ ಪ್ರಶಸ್ತಿ.

ಅವರ ವಿದ್ಯಾರ್ಥಿಗಳು ಗುರುವಿನ ನಕಲು ಮಾಡಲಿಲ್ಲ. ಕಾಂಡಿಡಾ ಹೋಫರ್ ಜನರಿಲ್ಲದ ಗ್ರಂಥಾಲಯಗಳನ್ನೂ ಸಭಾಂಗಣಗಳನ್ನೂ ಚಿತ್ರಿಸಿದರು. ಥೋಮಸ್ ರುಫ್ ತಮ್ಮ ಗೆಳೆಯರ ಮುಖಗಳನ್ನು ನಗುವಿಲ್ಲದೆ, ಪಾಸ್‌ಪೋರ್ಟ್ ಫೋಟೋದಂತೆ ತೆಗೆದು, ಸುಮಾರು 2 ಮೀಟರ್ ಎತ್ತರಕ್ಕೆ ದೊಡ್ಡದು ಮಾಡಿದರು. ದಿನವೂ ನೋಡುವ ಮುಖವನ್ನು ಎಷ್ಟು ಕಡಿಮೆ ನೋಡಿದ್ದೇವೆ ಎಂದು ಆ ಚಿತ್ರಗಳ ಎದುರು ನಿಂತವರಿಗೆ ತಿಳಿಯುತ್ತದೆ. ಜಾಹೀರಾತು ಛಾಯಾಗ್ರಾಹಕರ ಮಗನಾದ ಆಂಡ್ರಿಯಾಸ್ ಗುರ್ಸ್ಕಿ ತೆಗೆದ ರೈನ್ ನದಿಯ ಚಿತ್ರ 2011ರಲ್ಲಿ 43 ಲಕ್ಷ ಡಾಲರಿಗೆ ಹರಾಜಾಯಿತು.

ಬೆಲೆ ಕೇಳಿ ನಾವು ಬೆರಗಾಗುವುದು ಸಹಜ. ಆದರೆ ಅದನ್ನು ನೋಡಿ ಮಕ್ಕಳನ್ನು ಕಲಾಶಾಲೆಗೆ ಸೇರಿಸುವುದು, ಲಾಟರಿ ಗೆದ್ದವನನ್ನು ನೋಡಿ ಟಿಕೆಟ್ ಕೊಂಡಂತೆ. ನಮಗೆ ಮುಖ್ಯವಾದದ್ದು ಬೇರೆ: ಈ ಎಲ್ಲರೂ ಒಂದೇ ವಿಷಯದ ಮುಂದೆ ವರ್ಷಗಟ್ಟಲೆ ನಿಲ್ಲಲು ಕಲಿತರು.

ತರಗತಿ ಹೇಗೆ ನಡೆಯುತ್ತದೆ?

ಇಂಥ ಶಾಲೆಗಳಲ್ಲಿ ಪ್ರವೇಶಕ್ಕೆ ಅಂಕಗಳಿಗಿಂತ ವಿದ್ಯಾರ್ಥಿ ತಾನೇ ಮಾಡಿದ ಕೆಲಸಗಳ ಸಂಪುಟ, ಅಂದರೆ ಪೋರ್ಟ್‌ಫೋಲಿಯೊ ಮುಖ್ಯ. ಸೇರಿದ ಮೇಲೆ ಬಹುದೊಡ್ಡ ಪಾಠ ವಿಮರ್ಶೆಯದು. ವಿದ್ಯಾರ್ಥಿ ತನ್ನ ಚಿತ್ರಗಳನ್ನು ಗೋಡೆಗೆ ಅಂಟಿಸಿ ಸಹಪಾಠಿಗಳ ಎದುರು ನಿಲ್ಲುತ್ತಾನೆ. ಈ ಚಿತ್ರ ಏಕೆ? ಇಷ್ಟು ದೊಡ್ಡದು ಏಕೆ? ಇದನ್ನು ತೆಗೆದುಹಾಕಿದರೆ ಏನು ನಷ್ಟ? ಇಪ್ಪತ್ತು ಚಿತ್ರ ತಂದವನು ಮೂರನ್ನು ಉಳಿಸಿಕೊಂಡು ಮರಳುವುದುಂಟು. "ಚೆನ್ನಾಗಿದೆ" ಎಂಬ ಹೊಗಳಿಕೆಗೆ ಒಗ್ಗಿದ ಮಕ್ಕಳಿಗೆ ಇದು ಕಷ್ಟ. ಆದರೆ ತನ್ನ ಕೆಲಸವನ್ನು ತಾನೇ ಕಟುವಾಗಿ ನೋಡುವ ಕಣ್ಣು ಬರುವುದು ಇಲ್ಲಿಯೇ. ಡ್ಯೂಸೆಲ್‌ಡಾರ್ಫ್‌ನಲ್ಲಿ ವರ್ಷಕ್ಕೊಮ್ಮೆ ಅಕಾಡೆಮಿಯ ಬಾಗಿಲು ತೆರೆದು ವಿದ್ಯಾರ್ಥಿಗಳ ಕೆಲಸವನ್ನು ಸಾರ್ವಜನಿಕರಿಗೆ ತೋರಿಸುತ್ತಾರೆ.

ನಮ್ಮ ದೇಶದಲ್ಲಿ

ಇದಕ್ಕಾಗಿ ಜರ್ಮನಿಗೇ ಹೋಗಬೇಕೆಂದಿಲ್ಲ. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಗಾಂಧಿನಗರ ಕ್ಯಾಂಪಸ್‌ನಲ್ಲಿ ಛಾಯಾಗ್ರಹಣದ ಸ್ನಾತಕೋತ್ತರ ಕೋರ್ಸ್ ಇದೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ (ಕಾವಾ) ತನ್ನ ಬಿಎಫ್‌ಎ ಪದವಿಯಲ್ಲಿ ಛಾಯಾಗ್ರಹಣ ಮತ್ತು ಫೋಟೋ ಜರ್ನಲಿಸಂ ವಿಭಾಗ ತೆರೆದ ಸಂಸ್ಥೆ.

ದಯನಿತಾ ಸಿಂಗ್ 1980ರ ದಶಕದಲ್ಲಿ ಅಹಮದಾಬಾದಿನ ಎನ್‌ಐಡಿಯಲ್ಲಿ ಓದುತ್ತಿದ್ದಾಗ ತಬಲಾ ವಾದಕ ಜಾಕಿರ್ ಹುಸೇನ್ ಅವರ ಜೊತೆ ಊರೂರು ಸುತ್ತಿ ಚಿತ್ರ ತೆಗೆದರು. ಆ ವಿದ್ಯಾರ್ಥಿ ಕೆಲಸವೇ 1986ರಲ್ಲಿ ಅವರ ಮೊದಲ ಪುಸ್ತಕವಾಯಿತು. 2022ರಲ್ಲಿ ಅವರಿಗೆ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ ಬಂತು. 2004ರಲ್ಲಿ ಬೆಕರ್ ದಂಪತಿಗೆ ಸಂದ ಪ್ರಶಸ್ತಿಯೂ ಇದೇ.

ಹಣ ಕಟ್ಟುವ ಮೊದಲು

ಚಿತ್ರಗಳನ್ನು ಮಾರಿಯೇ ಬದುಕುವವರು ಕೆಲವರು ಮಾತ್ರ. ಬೋಧನೆ, ಪತ್ರಿಕೆ, ವಸ್ತು ಸಂಗ್ರಹಾಲಯ, ಜಾಹೀರಾತು, ಹೌದು, ಮದುವೆ ಫೋಟೋ ಕೂಡ ಅನೇಕರ ಅನ್ನದ ದಾರಿ. ಇದನ್ನು ಮಕ್ಕಳಿಗೆ ಮುಚ್ಚಿಡಬಾರದು. ಜರ್ಮನಿಯ ಅಕಾಡೆಮಿಗಳಲ್ಲಿ ಸರಕಾರಿ ಸಂಸ್ಥೆಯಾದರೆ ಬೋಧನಾ ಶುಲ್ಕ ಸಾಮಾನ್ಯವಾಗಿ ಇಲ್ಲ. ಆದರೆ ಜರ್ಮನ್ ಭಾಷೆ ಬೇಕು, ಜೀವನ ವೆಚ್ಚಕ್ಕೆ ಹಣ ತೋರಿಸಬೇಕು (2024ರಲ್ಲಿ ನಿಗದಿಯಾದ ಮೊತ್ತ ವರ್ಷಕ್ಕೆ 11,904 ಯೂರೋ). ಖಾಸಗಿ ಕಲಾ ವಿಶ್ವವಿದ್ಯಾಲಯಗಳ ಶುಲ್ಕ ಭಾರಿ. ಅಲ್ಲಿ ಸೇರುವ ಮುನ್ನ ಹೆತ್ತವರು ನಾಲ್ಕು ಪ್ರಶ್ನೆ ಕೇಳಲಿ:

1. ಪಾಠ ಮಾಡುವವರು ಯಾರು? ಅವರ ಸ್ವಂತ ಕೆಲಸ ಎಲ್ಲಿ ನೋಡಬಹುದು?
2. ವಾರಕ್ಕೆ ಎಷ್ಟು ಸಲ ವಿದ್ಯಾರ್ಥಿಯ ಚಿತ್ರಗಳ ವಿಮರ್ಶೆ ನಡೆಯುತ್ತದೆ?
3. ಡಾರ್ಕ್‌ರೂಮ್, ಮುದ್ರಣ ಸೌಲಭ್ಯ, ಗ್ರಂಥಾಲಯ ಕಣ್ಣಾರೆ ನೋಡಬಹುದೇ?
4. ಐದು ವರ್ಷಗಳ ಹಿಂದೆ ಓದಿದವರು ಈಗ ಏನು ಮಾಡುತ್ತಿದ್ದಾರೆ?

ಕಟ್ಟಡವನ್ನೂ ಕ್ಯಾಮೆರಾಗಳನ್ನೂ ಮಾತ್ರ ತೋರಿಸಿ, ಈ ಪ್ರಶ್ನೆಗಳಿಗೆ ತಡವರಿಸುವ ಸಂಸ್ಥೆಯಿಂದ ದೂರವಿರುವುದು ಲೇಸು.

ಮನೆಯಲ್ಲೇ ಒಂದು ಪರೀಕ್ಷೆ

ಮಕ್ಕಳಿಗೂ ಒಂದು ಪರೀಕ್ಷೆ ಇರಲಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಮುಂದೆ ನದಿ ದಂಡೆಗಳಲ್ಲಿ ಅಂಥ ಎಷ್ಟೋ ಕಾರ್ಖಾನೆಗಳು ಎದ್ದವು. ಇಂದು ಹಲವು ಮುಚ್ಚಿವೆ, ಹೊಗೆಗೂಡುಗಳು ಒಂದೊಂದಾಗಿ ಉರುಳುತ್ತಿವೆ. ಗಣಿ ಉರುಳುವುದನ್ನು ಕಂಡ ಬೆರ್ನ್ಡ್ ಬೆಕರ್ ಮಾಡಿದ್ದನ್ನೇ ಇಲ್ಲಿ ನಮ್ಮ ಮಕ್ಕಳು ಮಾಡಬಹುದು. ಹೊಗೆಗೂಡು ಬೇಡವೆಂದರೆ ಹಳೆಯ ಮನೆಗಳ ಜಗಲಿ, ದೋಣಿ ಕಟ್ಟುವವರ ಕೈ, ಅಜ್ಜಿಯಂದಿರ ಮುಖ, ಯಾವುದಾದರೂ ಸರಿ. ಮನೆಯಲ್ಲಿರುವ ಮೊಬೈಲೇ ಸಾಕು. ಒಂದೇ ವಿಷಯ, ಆರು ತಿಂಗಳು, ಕೊನೆಗೆ ಆಯ್ದ ಹನ್ನೆರಡು ಚಿತ್ರಗಳು.

ಎರಡನೆಯ ವಾರದಲ್ಲೇ ಬೇಸರ ಬಂದರೆ ಸಾಲ ಮಾಡುವ ಅಗತ್ಯ ಬೀಳಲಿಲ್ಲ ಎಂದುಕೊಳ್ಳೋಣ. ಆರನೆಯ ತಿಂಗಳಲ್ಲೂ ಮಗಳು ಮುಂಜಾನೆ ಎದ್ದು ಹೊರಟರೆ, "ಫೋಟೋ ತೆಗೆಯಲು ಡಿಗ್ರಿ ಏಕೆ" ಎಂದು ಕೇಳುವುದನ್ನು ನಿಲ್ಲಿಸಿ ಅವಳ ಹನ್ನೆರಡು ಚಿತ್ರಗಳ ಮುಂದೆ ಕುಳಿತುಕೊಳ್ಳೋಣ. ಅವಳ ಪೋರ್ಟ್‌ಫೋಲಿಯೊ ಅಲ್ಲಿಂದಲೇ ಆರಂಭವಾಗುತ್ತದೆ.